48 ಗಂಟೆ ಕಾಯಿರಿ ಸಾರ್

ರಾತ್ರಿ ಒಂಬತ್ತೂವರೆಗೆ ಅತ್ತಿಗೆಯ ಫೋನ್. "ಸರಿ ಮಾಡ್ದೆ ಅಂದ್ಯಲ್ಲ, ಇವತ್ತೂ ಸ್ಪ್ಯಾಮ್‌ಗೇ ಹೋಗಿದೆ ನೋಡು."

ಅತ್ತಿಗೆ ಶಿರಸಿಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ವೆಬ್‌ಸೈಟಿನಲ್ಲಿ ಮಾರುತ್ತಾರೆ. ಆರ್ಡರ್ ಬಂದ ಕೂಡಲೇ ಗಿರಾಕಿಗೆ ಮೇಲ್ ಹೋಗಬೇಕು. ಹೋಗುತ್ತದೆ. ಹೋಗಿ, ಲಾಟರಿ ಹೊಡೆದಿದೆ, ಸಾಲ ಮಂಜೂರಾಗಿದೆ ಅನ್ನುವ ಮೇಲ್‌ಗಳ ಪಕ್ಕ ಕೂರುತ್ತದೆ. ಆಮೇಲೆ ಅತ್ತಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, "ಸ್ಪ್ಯಾಮ್ ಒಳಗೆ ಹುಡುಕಿ, ಸಿಗತ್ತೆ" ಅನ್ನಬೇಕು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವನು ನಾನು. ಅಂದರೆ ಟೀವಿ ರಿಮೋಟ್ ಕೆಟ್ಟರೂ ನನ್ನ ತಲೆಗೇ.

1982ರಲ್ಲಿ ಮೇಲ್ ಸಾಗಿಸುವ ನಿಯಮ ಬರೆದವರು ಪಾಪ, ಒಳ್ಳೆಯವರು. ಕಳಿಸುವವರ ಹೆಸರು ಕೇಳಿದರು, ಪುರಾವೆ ಕೇಳಲಿಲ್ಲ. ಅದಕ್ಕೆ ಈಗ ನಾವು ಅನುಭವಿಸುತ್ತಿದ್ದೇವೆ. ಯಾರ ಹೆಸರಲ್ಲಿ ಯಾರು ಬೇಕಾದರೂ ಕಳಿಸಬಹುದಾಯಿತು, ಅದನ್ನು ತಡೆಯಲು ಆಮೇಲೆ ಮೂರು ತಪಾಸಣೆ ಬಂದವು. ಎಸ್‌ಪಿಎಫ್ ಅಂದರೆ ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್‌ಗೂ ಒಂದು ಸಹಿ. ಎರಡೂ ಕೈಕೊಟ್ಟರೆ ಆ ಮೇಲ್‌ಗೆ ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಬಿಗಿ ಮಾಡಿವೆ. ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5000 ಅಥವಾ ಅದಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಬೇಕು. ನಮ್ಮದು ದಿನಕ್ಕೆ ಐದು, ಹಬ್ಬದಲ್ಲಿ ಎಂಟು. ಆದರೂ ನಮ್ಮ ಡೊಮೇನಿನ, ಅಂದರೆ ವೆಬ್‌ಸೈಟ್ ಹೆಸರಿನ, ದಾಖಲೆಗಳ ಪುಟದಲ್ಲಿ ಮೂರನ್ನೂ ಹಾಕಿಯೇಬಿಡೋಣ ಅಂತ ಕೂತೆ.

ಎಸ್‌ಪಿಎಫ್ ಹಾಕಿದೆ. ಸೈಟ್ ಮಾಡಿಕೊಟ್ಟವರು ಆಗಲೇ ಒಂದು ಹಾಕಿದ್ದರು. ಒಂದು ಡೊಮೇನಿಗೆ ಒಂದೇ ಇರಬೇಕಂತೆ, ಎರಡಿದ್ದರೆ ಎರಡೂ ಇಲ್ಲದ ಲೆಕ್ಕ. ಸೇರಿಸಿ ಒಂದು ಮಾಡಿದೆ.

ಡಿಕಿಮ್ ಹಾಕಿದೆ. ಸಹಿ ತಾಳೆ ನೋಡಲು ಅರ್ಧ ಪುಟದಷ್ಟು ಉದ್ದದ ಕೀ, ಓದಿದರೆ ಮಂತ್ರವಾದಿಯ ತಾಯತದ ಹಾಗೆ. ಕೆಲಸ ಮಾಡಲಿಲ್ಲ. ಡೊಮೇನ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗ ಬಹಳ ಮರ್ಯಾದಸ್ಥ. "48 ಗಂಟೆ ಕಾಯಿರಿ ಸಾರ್. ನೀವು ಬರೆದಿದ್ದು ಪ್ರಪಂಚಕ್ಕೆಲ್ಲ ಹರಡ್ಬೇಕಲ್ವಾ?"

ನಮ್ಮ ಹಪ್ಪಳ ಹುಬ್ಬಳ್ಳಿ ದಾಟಿದ್ದೇ ಕಡಿಮೆ. ಆದರೂ ಕಾದೆ. 47ನೇ ಗಂಟೆಗೆ ತಡೆಯಲಾರದೆ ಫೋನ್ ಮಾಡಿದೆ. "ಇನ್ನೂ ಒಂದ್ ಗಂಟೆ ಇದೆ ಸಾರ್." 49ನೇ ಗಂಟೆಗೆ ಮಾಡಿದೆ. "ಮಧ್ಯೆ ಏನಾದ್ರೂ ಮುಟ್ಟಿದ್ರಾ ಸಾರ್?"

ಮುಟ್ಟಿದ್ದೆ. ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಕಂಡಿತ್ತು, ಅಳಿಸಿದ್ದೆ.

"ಹಾಗಾದ್ರೆ ಅಲ್ಲಿಂದ 48 ಸಾರ್."

ನಮ್ಮ ಪುರೋಹಿತರ ಸೂತಕದ ಲೆಕ್ಕವೂ ಇಷ್ಟು ಬಿಗಿ ಇರುವುದಿಲ್ಲ. ಬೇರೆ ಸರ್ವರ್‌ಗಳು ಹಳೆಯದನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅಂತ ಆ ದಾಖಲೆಯ ಪಕ್ಕದಲ್ಲೇ ಬರೆದಿತ್ತು: 3600 ಸೆಕೆಂಡ್, ಅಂದರೆ ಒಂದು ಗಂಟೆ. ಅದನ್ನೂ ಹೇಳಿದೆ. "ಅದು ಸರಿ ಸಾರ್, ಆದ್ರೂ 48."

ಸಿಟ್ಟಿಗೆ ಮಧ್ಯರಾತ್ರಿ ಮತ್ತೆ ಆ ಪುಟ ತೆರೆದೆ. ಹೋಸ್ಟ್ ಅನ್ನುವ ಖಾನೆಯಲ್ಲಿ ನಾನು ವಿಳಾಸವನ್ನು ಪೂರ್ತಿ ಬರೆದಿದ್ದೆ, ಕೊನೆಗೆ ನಮ್ಮ ಡೊಮೇನ್ ಹೆಸರೂ ಸೇರಿಸಿ. ಆ ಪುಟ ತನ್ನ ಪಾಡಿಗೆ ಇನ್ನೊಂದು ಸಲ ಅದೇ ಹೆಸರು ಅಂಟಿಸಿತ್ತು. ಡಾಟ್ ಕಾಂ ಆದಮೇಲೆ ಮತ್ತೆ ಡಾಟ್ ಕಾಂ. ಎರಡು ದಿನದಿಂದ ನಾನು, ಆ ಹುಡುಗ ಇಬ್ಬರೂ ಇಲ್ಲದ ಊರಿನ ಬಸ್ಸಿಗೆ ಕಾಯುತ್ತಿದ್ದೆವು. ಹೆಚ್ಚಿನ ಬಾಲ ಕತ್ತರಿಸಿ, ಒಂದು ಲೋಟ ನೀರು ಕುಡಿದು ಬಂದು ಮೇಲ್ ಕಳಿಸಿದೆ. ಇನ್‌ಬಾಕ್ಸಿಗೇ ಬಂತು.

ಡಿಮಾರ್ಕ್ ಸಲೀಸಾಗಿ ಆಯಿತು. ಯಾವ ಮೇಲ್ ಪಾಸು, ಯಾವುದು ಫೇಲು ಅನ್ನುವ ಅದರ ವರದಿಗಳು ಅತ್ತಿಗೆಯ ಮೇಲ್‌ಗೆ ಬರುವ ಹಾಗೆ ಮಾಡಿದ್ದು ಮಾತ್ರ ತಪ್ಪಾಯಿತು. "ಯಾರೋ ದಿನಾ ಜಿಪ್ ಫೈಲ್ ಕಳಿಸ್ತಿದಾರೆ, ವೈರಸ್ಸಾ?"

"ಇನ್ಮೇಲೆ ಯಾರಿಗೂ ಫೋನ್ ಮಾಡೋದು ಬೇಡ, ಮೇಲ್ ಸೀದಾ ಹೋಗತ್ತೆ" ಅಂದೆ. ಅತ್ತಿಗೆ "ಹೂಂ" ಅಂದರು. ಅಷ್ಟೇ. ಇಷ್ಟು ಕಷ್ಟಪಟ್ಟವನಿಗೆ ಒಂದು ಕೇಜಿ ಹಪ್ಪಳವಾದರೂ ಸಿಗಬಹುದು ಅಂದುಕೊಂಡಿದ್ದೆ.

ಮೊನ್ನೆ ಶಿರಸಿಗೆ ಹೋದಾಗ ಅತ್ತಿಗೆ ಜಗಲಿಯಲ್ಲಿ ಕೂತು ಫೋನಿನಲ್ಲಿದ್ದರು.

"ಮೇಲ್ ಬಂತಾ ಅಮ್ಮಾ? ಇನ್‌ಬಾಕ್ಸಲ್ಲೇ ಇದ್ಯಾ? ಸರಿ, ಅಲ್ಲೇ ಇರ್ಲಿ. ಮೊಣಕಾಲು ನೋವು ಹೇಗಿದೆ ಈಗ?"