ಮುಚ್ಚಿದ ಗುಂಡಿಗಳ ಲೆಕ್ಕ ಸಾಕು, ಬಾಳಿಕೆಯ ಲೆಕ್ಕ ಕೊಡಿ

ಮಳೆಗಾಲ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಒಂದು ಸಂಖ್ಯೆ ಹೊರಬೀಳುತ್ತದೆ. ಇಷ್ಟು ಸಾವಿರ ಗುಂಡಿಗಳನ್ನು ಮುಚ್ಚಲಾಗಿದೆ, ಉಳಿದವುಗಳನ್ನು ಇಂಥ ದಿನಾಂಕದೊಳಗೆ ಮುಚ್ಚಲಾಗುವುದು ಎಂಬ ಪ್ರಕಟಣೆ ಅದು. ಸಂಖ್ಯೆ ದೊಡ್ಡದಾದಷ್ಟೂ ಕೆಲಸ ಹೆಚ್ಚು ನಡೆದಿದೆ ಎಂಬ ಭಾವನೆ ಮೂಡುತ್ತದೆ. ಪತ್ರಿಕೆಗಳೂ ಅದನ್ನೇ ಶೀರ್ಷಿಕೆ ಮಾಡುತ್ತವೆ. ನನ್ನ ದೃಷ್ಟಿಯಲ್ಲಿ ಅದು ಸಾಧನೆಯ ಪಟ್ಟಿಯಲ್ಲ. ನಿರ್ವಹಣೆ ಸರಿಯಾಗಿದ್ದರೆ ಬೀಳಬಾರದಾಗಿದ್ದ ಗುಂಡಿಗಳು ಎಷ್ಟು ಬಿದ್ದವು ಎಂಬುದನ್ನಷ್ಟೇ ಅದು ಹೇಳುತ್ತದೆ.

ನಾವು ಕೇಳಬೇಕಾದ ಲೆಕ್ಕ ಬೇರೆಯದು. ಒಂದು ಬೀದಿಗೆ ಖರ್ಚು ಮಾಡಿದ ಹಣದಲ್ಲಿ ಆ ಬೀದಿ ಎಷ್ಟು ವರ್ಷ ಸುಸ್ಥಿತಿಯಲ್ಲಿತ್ತು? ಉದಾಹರಣೆಗೆ, ನಲವತ್ತು ಲಕ್ಷದ ಡಾಂಬರೀಕರಣ ಎರಡೇ ವರ್ಷ ಬಾಳಿದರೆ ವರ್ಷಕ್ಕೆ ಇಪ್ಪತ್ತು ಲಕ್ಷ ತಗಲಿದಂತಾಯಿತು. ಚರಂಡಿಯನ್ನೂ ಸೇರಿಸಿ ಎಪ್ಪತ್ತು ಲಕ್ಷದಲ್ಲಿ ಮಾಡಿದ ಅಷ್ಟೇ ಉದ್ದದ ಕೆಲಸ ಏಳು ವರ್ಷ ಬಾಳಿದರೆ ವರ್ಷಕ್ಕೆ ಹತ್ತು ಲಕ್ಷ. ಕಡತದಲ್ಲಿ ಮೊದಲನೆಯದು ಅಗ್ಗವಾಗಿಯೂ ಎರಡನೆಯದು ದುಬಾರಿಯಾಗಿಯೂ ಕಾಣುತ್ತದೆ, ಏಕೆಂದರೆ ಕಾಮಗಾರಿ ಮುಗಿದು ಬಿಲ್ ಪಾಸಾದ ದಿನಕ್ಕೇ ಕಡತವೂ ಮುಚ್ಚಿಹೋಗುತ್ತದೆ.

ರಸ್ತೆ ಹಾಳಾಗುವ ಬಗೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ಡಾಂಬರಿಗೆ ನೀರೇ ಶತ್ರು. ರಸ್ತೆಯ ನಡುಭಾಗ ತುಸು ಎತ್ತರವಾಗಿ ಅಂಚು ಇಳಿಜಾರಾಗಿರಬೇಕು, ಅಂಚಿಗೆ ಬಂದ ನೀರು ಮೋರಿಗೆ ಸೇರಬೇಕು. ನಮ್ಮಲ್ಲಿ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತ ಬಂದಿರುವುದರಿಂದ ಎಷ್ಟೋ ಬಡಾವಣೆಗಳಲ್ಲಿ ರಸ್ತೆ ಮನೆಯ ಗೇಟಿಗಿಂತ ಮೇಲೆದ್ದಿದೆ, ಮೋರಿಯ ಕಿಂಡಿಗಳು ಹೂತುಹೋಗಿವೆ. ನಿಂತ ನೀರು ಬಿರುಕಿನೊಳಗೆ ಇಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ, ಅದರ ಮೇಲೆ ವಾಹನಗಳ ಭಾರ ಬೀಳುತ್ತದೆ, ಗುಂಡಿ ಸಿದ್ಧವಾಗುತ್ತದೆ. ಇದಕ್ಕೆ ಕೆಲಸದ ದಿನದ ಲೋಪಗಳೂ ಸೇರಿಕೊಳ್ಳುತ್ತವೆ: ಪದರಗಳನ್ನು ಬೆಸೆಯುವ ತೆಳು ಡಾಂಬರಿನ ಲೇಪವಾದ ಟ್ಯಾಕ್ ಕೋಟ್ ಸಿಂಪಡಿಸದೆ ಮಿಶ್ರಣ ಸುರಿಯುವುದು, ದೂರದ ಘಟಕದಿಂದ ಬರುವಷ್ಟರಲ್ಲಿ ಬಿಸಿ ಆರಿದ ಮಿಶ್ರಣದ ಮೇಲೆ ರೋಲರ್ ಓಡಿಸುವುದು, ನಲವತ್ತು ಮಿಲಿಮೀಟರ್ ಇರಬೇಕಾದ ಪದರವನ್ನು ಇಪ್ಪತ್ತೈದಕ್ಕೆ ಇಳಿಸುವುದು. ಈ ಪೈಕಿ ದಪ್ಪವನ್ನು ಕೋರ್ ಕಟಿಂಗ್ ಮಾಡಿ, ಅಂದರೆ ರಸ್ತೆಯಿಂದ ಒಂದು ತುಂಡನ್ನು ಕೊರೆದು ತೆಗೆದು, ಯಾವಾಗ ಬೇಕಾದರೂ ಅಳೆಯಬಹುದು. ಮಿಶ್ರಣ ಎಷ್ಟು ಬಿಸಿಯಿತ್ತು ಎಂಬುದನ್ನು ಮಾತ್ರ ಆ ಹೊತ್ತಿನಲ್ಲಿ ಥರ್ಮಾಮೀಟರ್ ಹಿಡಿದು ನಿಂತವನೇ ಹೇಳಬೇಕು, ಮತ್ತು ಡಾಂಬರೀಕರಣ ಬಹುಪಾಲು ನಡೆಯುವುದು ರಾತ್ರಿ.

ಗುತ್ತಿಗೆದಾರನ ಹೊಣೆ ಬಿಲ್ ಪಾವತಿಯೊಂದಿಗೆ ಮುಗಿಯುವುದಿಲ್ಲ ಎಂಬುದು ಎಷ್ಟೋ ನಿವಾಸಿಗಳಿಗೆ ತಿಳಿದಿಲ್ಲ. ಎಂಜಿನಿಯರುಗಳು ಡಿಎಲ್‌ಪಿ ಎಂದು ಕರೆಯುವ ದೋಷ ಹೊಣೆಗಾರಿಕೆಯ ಅವಧಿಯೊಂದು ಕರಾರಿನಲ್ಲಿರುತ್ತದೆ. ಆ ಅವಧಿಯಲ್ಲಿ ಕಾಣಿಸಿಕೊಳ್ಳುವ ದೋಷವನ್ನು ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ತಪ್ಪಿದರೆ ಅವನ ಭದ್ರತಾ ಠೇವಣಿಯಿಂದ ಹಣ ಹಿಡಿಯಲು ಅವಕಾಶವಿದೆ. ಆದರೆ ಯಾವ ಬೀದಿಗೆ ಈ ಅವಧಿ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದು ಆ ಬೀದಿಯಲ್ಲಿ ವಾಸಿಸುವವರಿಗೆ ಗೊತ್ತಿಲ್ಲದಿದ್ದರೆ ಹಕ್ಕು ಚಲಾಯಿಸುವುದಾದರೂ ಹೇಗೆ? ಹೊಣೆಗಾರಿಕೆ ಜಾರಿಯಲ್ಲಿರುವ ರಸ್ತೆಯ ಗುಂಡಿಯನ್ನೇ ವಾರ್ಡಿನ ನಿರ್ವಹಣಾ ಅನುದಾನದಿಂದ ಮುಚ್ಚಿದರೆ ಅದೇ ಕೆಲಸಕ್ಕೆ ನಾವು ಎರಡು ಬಾರಿ ತೆರಿಗೆ ಕಟ್ಟಿದಂತಾಗುತ್ತದೆ.

ಇದಕ್ಕೆ ಗುತ್ತಿಗೆದಾರರ ಬಳಿ ಸಿದ್ಧ ಉತ್ತರವೊಂದಿದೆ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ: ‘ನಾವು ಹಾಕಿಕೊಟ್ಟ ರಸ್ತೆಯನ್ನು ಅಗೆದವರು ಬೇರೆಯವರು.’ ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಕೊಳವೆಯವರು, ಇಂಟರ್ನೆಟ್ ಒದಗಿಸುವ ಓಎಫ್‌ಸಿ ಕೇಬಲ್‌ನವರು ಸರದಿಯ ಮೇಲೆ ಬಂದು ಅಗೆದು ಮಣ್ಣು ತುಂಬಿ ಹೋಗುತ್ತಾರೆ. ಅಗೆತಕ್ಕೆ ಅನುಮತಿಯಿದೆ, ಶುಲ್ಕವೂ ಇದೆ. ಅಗೆದ ಜಾಗವನ್ನು ಯಾರು, ಯಾವ ಗುಣಮಟ್ಟದಲ್ಲಿ, ಎಷ್ಟು ದಿನದೊಳಗೆ ಮುಚ್ಚಿದರು ಎಂಬ ದಾಖಲೆ ಮಾತ್ರ ಬೀದಿಯವರ ಕೈಗೆ ಸಿಗುವುದಿಲ್ಲ. ಈ ಕಾರಣಕ್ಕಾಗಿಯೇ ಟೆಂಡರ್‌ಶ್ಯೂರ್ ಎಂಬ ರಸ್ತೆ ನಿರ್ಮಾಣದ ಮಾದರಿಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಕೊಳವೆ ಮತ್ತು ಕೇಬಲ್‌ಗಳಿಗೆ ನೆಲದಡಿ ಪ್ರತ್ಯೇಕ ಮಾರ್ಗ ಕಟ್ಟಿ ರೂಪಿಸಿದಾಗ ಖರ್ಚು ವಿಪರೀತವೆಂಬ ಟೀಕೆ ಬಂತು. ನಗರದ ಪ್ರತಿಷ್ಠಿತ ಭಾಗಕ್ಕೇ ಮೊದಲ ಮಣೆ ಏಕೆ ಎಂಬ ಪ್ರಶ್ನೆಗೆ ಇಂದಿಗೂ ಬೆಲೆಯಿದೆ. ಆದರೂ ಆ ಖರ್ಚನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡದೆ ದುಬಾರಿ ಎಂದು ತೀರ್ಮಾನಿಸುವುದು ಸರಿಯಲ್ಲ. ವೈಟ್‌ಟಾಪಿಂಗ್ ಎಂಬ, ಹಳೆಯ ರಸ್ತೆಯ ಮೇಲೆ ಕಾಂಕ್ರೀಟ್ ಹೊದಿಸುವ ಪದ್ಧತಿಯನ್ನು ಸಮರ್ಥಿಸುವವರಿಗೂ ಇದೇ ಅಳತೆಗೋಲು ಅನ್ವಯಿಸಬೇಕು. ದಶಕಗಳ ಬಾಳಿಕೆಯ ಭರವಸೆ ಕೊಟ್ಟ ಕಾಂಕ್ರೀಟನ್ನು ಕೊಳವೆಗಾಗಿ ಒಡೆದರೆ ಆ ಭರವಸೆಗೆ ಅರ್ಥವೇ ಉಳಿಯುವುದಿಲ್ಲ.

ಹಾಗಾದರೆ ಪರಿಶೀಲಿಸಬೇಕಾದವರು ಯಾರು? ಪಾಲಿಕೆಯ ಒಳಗೆ ತಾಂತ್ರಿಕ ಜಾಗೃತ ಕೋಶವಿತ್ತು, ಮೂರನೆಯವರಿಂದ ತಪಾಸಣೆ ಮಾಡಿಸುವ ಪದ್ಧತಿಯೂ ಇದೆ. ಈ ವರದಿಗಳು ಅಧಿಕಾರಿಗಳ ನಡುವೆಯೇ ಓಡಾಡುತ್ತವೆ. ದೂರು ವ್ಯವಸ್ಥೆಯ ಸ್ಥಿತಿಯೂ ಭಿನ್ನವಲ್ಲ. ಆ್ಯಪ್‌ನಲ್ಲಿ ದೂರು ದಾಖಲಿಸಿದರೆ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬರುತ್ತದೆ, ಗುಂಡಿ ಇದ್ದಲ್ಲಿಯೇ ಇರುತ್ತದೆ. ನನಗೂ ಇದರ ಅನುಭವವಾಗಿದೆ, ಓದುತ್ತಿರುವ ಹಲವರಿಗೆ ಆಗಿರಬಹುದು. ದೂರು ಕೊಟ್ಟವನ ಒಪ್ಪಿಗೆಯಿಲ್ಲದೆ ದೂರನ್ನು ಮುಕ್ತಾಯಗೊಳಿಸುವ ಅಧಿಕಾರ ಕೆಲಸ ಮಾಡಬೇಕಾದವನ ಕೈಯಲ್ಲೇ ಇರುವವರೆಗೆ ಆ ಅಂಕಿಅಂಶಗಳನ್ನು ನಾನು ನಂಬುವುದಿಲ್ಲ.

ಕಾನೂನು ನಮಗೆ ಕೊಟ್ಟಿರುವ ಅಧಿಕಾರವನ್ನು ನಾವೇ ಸರಿಯಾಗಿ ಬಳಸಿಲ್ಲವೆಂಬುದೂ ನಿಜ. ಮಾಹಿತಿ ಹಕ್ಕು ಎಂದರೆ ಕಾಗದದ ಪ್ರತಿ ಪಡೆಯುವುದು ಎಂದಷ್ಟೇ ತಿಳಿದಿದ್ದೇವೆ. 2005ರ ಆ ಕಾಯ್ದೆಯ 2(ಜೆ) ಪ್ರಕರಣವು ಕಾಮಗಾರಿಯನ್ನು ಪರಿಶೀಲಿಸುವ ಹಕ್ಕನ್ನೂ ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅಂದಾಜು ಪಟ್ಟಿ, ಮಾಡಿದ ಕೆಲಸದ ಅಳತೆ ಬರೆದಿಡುವ ಎಂಬಿ ಪುಸ್ತಕ, ಗುಣಮಟ್ಟ ಪರೀಕ್ಷೆಯ ವರದಿ ಈ ಮೂರನ್ನು ಎದುರಿಗಿಟ್ಟುಕೊಂಡು ಬೀದಿಯ ಉದ್ದ ಅಗಲವನ್ನು ಟೇಪಿನಲ್ಲಿ ಅಳೆದು ನೋಡಲು ಸಿವಿಲ್ ಎಂಜಿನಿಯರಿಂಗ್ ಪದವಿ ಬೇಕಿಲ್ಲ.

ಇಂಥ ಕೆಲಸಕ್ಕೆ ಬೆಂಗಳೂರು ಹೊಸದೂ ಅಲ್ಲ. ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದ ಸ್ಯಾಮ್ಯುಯೆಲ್ ಪಾಲ್ ಅವರು ನಾಗರಿಕ ಸೇವೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವ ವರದಿಪತ್ರವನ್ನು 1994ರಲ್ಲಿ ಈ ಊರಿನಲ್ಲೇ ಹೊರತಂದರು. 1999 ಮತ್ತು 2003ರಲ್ಲಿ ಅದೇ ಸಮೀಕ್ಷೆ ಮರುಕಳಿಸಿತು, ಹೊರದೇಶಗಳೂ ಆ ಮಾದರಿಯನ್ನು ಅಳವಡಿಸಿಕೊಂಡವು. 2002ರಲ್ಲಿ ಆರಂಭವಾದ ಪ್ರೂಫ್ ಅಭಿಯಾನವು ಪಾಲಿಕೆ ತನ್ನ ಹಣಕಾಸಿನ ಲೆಕ್ಕವನ್ನು ಜನರ ಮುಂದಿಡಬೇಕೆಂದು ಒತ್ತಾಯಿಸಿತು. ಜಗತ್ತಿಗೆ ಕಲಿಸಿದ ಪಾಠವನ್ನು ನಾವೇ ಮುಂದುವರಿಸಲಿಲ್ಲ. ಇತ್ತ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳು 2025ರಲ್ಲಿ ತಮ್ಮ ರಸ್ತೆ ನಿರ್ವಹಣೆಯ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕಾಯಿತು. ತಪ್ಪಿದರೆ ಅಲ್ಲಿನ ಕೇಂದ್ರ ಸರ್ಕಾರದ ಹೆಚ್ಚುವರಿ ಅನುದಾನದ ಒಂದು ಪಾಲು ಕೈತಪ್ಪುತ್ತಿತ್ತು. ಗುಂಡಿ ತುಂಬಿದ್ದರ ಜೊತೆಗೆ, ಗುಂಡಿ ಬೀಳದಂತೆ ಮುಂಚಿತವಾಗಿ ಮಾಡಿದ ಖರ್ಚಿನ ಪಾಲು ಎಷ್ಟೆಂಬುದನ್ನೂ ಅವು ಹೇಳಬೇಕಿತ್ತು.

ಅಧಿಕಾರಿಗಳ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬ ಕಿರಿಯ ಎಂಜಿನಿಯರ್ ರಸ್ತೆ, ಮೋರಿ, ಮರ, ಕಟ್ಟಡ ಎಲ್ಲವನ್ನೂ ನೋಡಬೇಕು. ಅಂದಾಜಿಗಿಂತ ಬಹಳ ಕಡಿಮೆಗೆ ಟೆಂಡರ್ ಹಿಡಿದು, ಆಮೇಲೆ ಬಿಲ್‌ಗಾಗಿ ವರ್ಷಗಟ್ಟಲೆ ಕಾಯುವ ಗುತ್ತಿಗೆದಾರ ಆ ನಷ್ಟವನ್ನು ಪದರದ ದಪ್ಪದಲ್ಲಿ ಸರಿದೂಗಿಸಿಕೊಳ್ಳುತ್ತಾನೆ. ಪಾವತಿಯ ತಾರೀಖುಗಳನ್ನೂ ಪ್ರಕಟಿಸಿ ಎಂದು ನಾನು ಕೇಳುವುದು ಇದಕ್ಕಾಗಿಯೇ. ಆದರೆ ಇದನ್ನೆಲ್ಲ ಸಭೆಯಲ್ಲಿ ಎತ್ತಬೇಕಾದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಮತ್ತೊಂದು ಚುನಾವಣೆ ಕಾಣದೆ ಬಿಬಿಎಂಪಿಯೇ ಇತಿಹಾಸಕ್ಕೆ ಸೇರಿತು.

2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ನಗರಪಾಲಿಕೆಗಳು ಬಂದಿವೆ. ಅವುಗಳಲ್ಲಿ ನಾನು ಕೇಳುವುದು ಹೊಸ ಆ್ಯಪ್ ಅಲ್ಲ, ಪ್ರತಿ ಬೀದಿಗೊಂದು ಪುಟ. ಕೊನೆಯ ಡಾಂಬರೀಕರಣದ ದಿನಾಂಕ, ಗುತ್ತಿಗೆದಾರ, ಮೊತ್ತ, ಕೋರ್ ಕಟಿಂಗ್‌ನಲ್ಲಿ ಸಿಕ್ಕ ದಪ್ಪ, ಬಿಲ್ ಪಾವತಿಯ ದಿನಾಂಕ, ನಂತರದ ಅಗೆತಗಳ ವಿವರ ಮತ್ತು ಡಿಎಲ್‌ಪಿ ಮುಗಿಯುವ ತಾರೀಖು ಅದರಲ್ಲಿರಲಿ. ಆ ತಾರೀಖಿಗೆ ಮೂರು ತಿಂಗಳು ಮುಂಚೆ ಸಂಬಂಧಪಟ್ಟ ಎಂಜಿನಿಯರ್ ಬೀದಿಯವರೊಂದಿಗೆ ರಸ್ತೆಯುದ್ದಕ್ಕೂ ನಡೆದು ದೋಷಗಳನ್ನು ಬರೆದುಕೊಂಡು, ಅವುಗಳನ್ನು ಸರಿಪಡಿಸಿದ ಮೇಲಷ್ಟೇ ಭದ್ರತಾ ಠೇವಣಿಯನ್ನು ಬಿಡುಗಡೆ ಮಾಡಲಿ.