ಲೋಟದ ಮಂಜುಗಡ್ಡೆ ಬೇರೆ, ಗ್ರೀನ್‌ಲ್ಯಾಂಡಿನ ಮಂಜು ಬೇರೆ

ನೀರು ತುಂಬಿದ ಗಾಜಿನ ಲೋಟದಲ್ಲಿ ತೇಲುತ್ತಿದ್ದ ಮಂಜುಗಡ್ಡೆ ಕರಗುತ್ತದೆ, ನೀರು ತುಳುಕುವುದಿಲ್ಲ. 'ನೋಡಿದಿರಾ, ಧ್ರುವದ ಮಂಜು ಕರಗಿದರೆ ಕಡಲು ಏರುತ್ತದೆ ಎನ್ನುವುದು ಬರೀ ಬೊಗಳೆ' ಎಂದು ಒಬ್ಬರು ನಗುತ್ತಾರೆ. ಇವತ್ತು ಬೆಳಿಗ್ಗೆಯಿಂದ ನನ್ನ ಮೊಬೈಲಿಗೆ ಬಂದು ಬೀಳುತ್ತಿರುವ ವಿಡಿಯೊ ಇದು. ಕಳುಹಿಸಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಸಿಟ್ಟು ಬಂದದ್ದು ಅದಕ್ಕೇ.

ಆರ್ಕಿಮಿಡೀಸ್ ತತ್ವ ಹೇಳಿಕೊಡುವಾಗ ನಾನೂ ಇದೇ ಲೋಟವನ್ನು ಮೇಜಿನ ಮೇಲೆ ಇಡುತ್ತೇನೆ. ತೇಲುವ ಗಡ್ಡೆ ತನ್ನ ತೂಕದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ಸರಿಸಿರುತ್ತದೆ; ಕರಗಿದ ಮೇಲೆ ಅಷ್ಟೇ ಜಾಗ ತುಂಬುತ್ತದೆ. ಪ್ರಯೋಗದಲ್ಲಿ ತಪ್ಪಿಲ್ಲ. ಉತ್ತರ ಧ್ರುವದ ಕಡಲಿನಲ್ಲಿ ತೇಲುವ ಮಂಜುಗಡ್ಡೆಗೆ ಅದು ಹೆಚ್ಚುಕಡಿಮೆ ಒಪ್ಪುತ್ತದೆ. ಆದರೆ ಗ್ರೀನ್‌ಲ್ಯಾಂಡಿನ ಮಂಜು ತೇಲುತ್ತಿಲ್ಲವಲ್ಲ! ಅದು ಬಂಡೆಯ ಮೇಲೆ ಕೂತಿದೆ, ನಡುಭಾಗದಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ದಪ್ಪವಾಗಿ. ಅಲ್ಲಿಂದ ಕರಗಿ ಇಳಿದದ್ದೆಲ್ಲ ಕಡಲಿಗೆ ಹೊಸ ನೀರು. 2002ರಿಂದ, ಭೂಮಿಯ ಗುರುತ್ವದ ಏರುಪೇರು ಅಳೆಯುವ ಗ್ರೇಸ್ ಉಪಗ್ರಹಗಳು ಈ ಮಂಜನ್ನು ತೂಗುತ್ತಾ ಬಂದಿವೆ: ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ನಷ್ಟ. ಲೋಟ ತೋರಿಸುವವರು ಈ ತೂಕದ ಮಾತನ್ನೇ ಎತ್ತುವುದಿಲ್ಲ.

ಅದೆಂಥ ತೂಕ ಗೊತ್ತೇ? ಆ ರಾಶಿಯ ಗುರುತ್ವವೇ ಸುತ್ತಲಿನ ಕಡಲನ್ನು ತನ್ನತ್ತ ಎಳೆದು ಹಿಡಿದಿದೆ. ಮಂಜು ಕರಗಿದಂತೆಲ್ಲ ಆ ಹಿಡಿತ ಸಡಿಲವಾಗುತ್ತದೆ; ಭಾರ ಇಳಿದ ನೆಲವೂ ಮೇಲೇಳುತ್ತದೆ. ಹಾಗಾಗಿ ಗ್ರೀನ್‌ಲ್ಯಾಂಡಿನ ದಡದಲ್ಲಿ ನೀರು ತಗ್ಗುತ್ತದೆ, ದೂರದ ಕಡಲುಗಳಲ್ಲಿ ಏರುತ್ತದೆ. ಅಲ್ಲಿ ಕರಗಿದ್ದರ ಪೆಟ್ಟು ಭೂಮಧ್ಯರೇಖೆಯ ಆಸುಪಾಸಿನ ನಮ್ಮಂಥವರಿಗೇ ಹೆಚ್ಚು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

'ಏರುವುದು ಮಿಲಿಮೀಟರ್ ಲೆಕ್ಕದಲ್ಲಿ ತಾನೇ?' ಎನ್ನುವವರಿದ್ದಾರೆ. ಹೌದು. 1993ರ ಸುಮಾರಿಗೆ ವರ್ಷಕ್ಕೆ 2 ಮಿಲಿಮೀಟರಿನಷ್ಟಿದ್ದ ಏರಿಕೆ ಈಗ 4 ದಾಟಿದೆ. ನೀರು ಬಿಸಿಯಾಗಿ ಹಿಗ್ಗುವುದೂ ಇದರಲ್ಲಿ ಸೇರಿದೆ, ನಿಜ. ಆದರೆ 2006ರಿಂದ 2018ರವರೆಗಿನ ಲೆಕ್ಕದಲ್ಲಿ ನೆಲದ ಮೇಲಿನ ಮಂಜಿನ ಪಾಲೇ ದೊಡ್ಡದು. ಗ್ರೀನ್‌ಲ್ಯಾಂಡ್ ಪೂರ್ತಿ ಕರಗಲು ಶತಮಾನಗಳೇ ಬೇಕು. ಕರಗಿದರೆ ಕಡಲು ಏರುವುದು 7 ಮೀಟರಿಗೂ ಹೆಚ್ಚು. ಅಂಟಾರ್ಕ್ಟಿಕಾದ ಥ್ವೈಟ್ಸ್ ಹಿಮನದಿಯೊಂದೇ ಅರ್ಧ ಮೀಟರಿಗೂ ಹೆಚ್ಚು ಏರಿಸಬಲ್ಲದು. ಬೆಚ್ಚಗಿನ ಕಡಲ ನೀರು ಅದರ ಬುಡವನ್ನು ಅಡಿಯಿಂದಲೇ ಕೊರೆಯುತ್ತಿದೆ. ಲೋಟದಲ್ಲಿ ಇದಕ್ಕೆಲ್ಲ ಎಲ್ಲಿದೆ ಜಾಗ?

ಮಂಗಳೂರಿನ ಪಕ್ಕದ ಉಳ್ಳಾಲ, ಸೋಮೇಶ್ವರದಲ್ಲಿ ಮಳೆಗಾಲ ಬಂದರೆ ಕಡಲ್ಕೊರೆತ, ಲಾರಿಗಳಲ್ಲಿ ಬಂಡೆಗಲ್ಲು ತಂದು ಸುರಿಯುವುದು, ತೆಂಗಿನ ಮರಗಳು ಬುಡಸಮೇತ ಉರುಳುವುದು. ಇದಕ್ಕೆ ಕಾರಣವೆಂದು ಅಳಿವೆ ಬಾಗಿಲಿನ, ಅಂದರೆ ನದಿ ಕಡಲು ಸೇರುವಲ್ಲಿನ, ತಡೆಗೋಡೆಗಳ ಹೆಸರು ಹೇಳುತ್ತಾರೆ. ಇರಬಹುದು, ನನ್ನ ತಕರಾರಿಲ್ಲ. ಆದರೆ ಅಲೆ ಏಳುವುದು ಅಂದಂದಿನ ನೀರಿನ ಮಟ್ಟದಿಂದ. ಮಟ್ಟವೇ ಮೇಲೆ ಬಂದರೆ ಅಲೆ ಇನ್ನಷ್ಟು ಒಳಗೆ ನುಗ್ಗುತ್ತದೆ. ಕಡಲ ದಂಡೆಯ ಗೋಡೆ ಎಷ್ಟು ಎತ್ತರ ಇರಬೇಕೆಂದು ನಿಗದಿ ಮಾಡುವ ಎಂಜಿನಿಯರುಗಳು ಗ್ರೀನ್‌ಲ್ಯಾಂಡಿನ ಲೆಕ್ಕವನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಅವರಲ್ಲಿ ಕೆಲವರು ನಾನು ಪಾಠ ಹೇಳಿದವರೇ. ಈ ಬರಹ ಮುಖ್ಯವಾಗಿ ಅವರಿಗೆ.