ಕೊನೆಗೂ ನಾನು ಕಲೆಕ್ಟರ್ ಆದೆ

ಮನೆ ಮೇಲೆ ಸೋಲಾರ್ ಇರುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ತಾರಸಿಯ ಟ್ಯಾಂಕಿನಲ್ಲಿ ಕೈ ಸುಡುವ ನೀರು, ಬಾತ್‌ರೂಮಿನ ನಲ್ಲಿಯಲ್ಲಿ ಉಗುರುಬೆಚ್ಚಗೂ ಇಲ್ಲದ ನೀರು. ಪ್ಲಂಬರ್‌ಗೆ ಫೋನ್ ಮಾಡಿದರೆ, ಬರೋದು ಬಿಟ್ಟು ಫೋನಿನಲ್ಲೇ ಪಾಠ ಶುರು ಮಾಡಿದ. "ನೋಡಿ ಸಾರ್, ತಣ್ಣೀರು ಇಲ್ಲಿಂದ ಹೀಗ್ ಬರುತ್ತಾ, ಬಿಸಿನೀರು ಆ ಕಡೆಯಿಂದ ಹೀಗ್ ಇಳಿಯುತ್ತಾ, ಎರಡೂ ಇಲ್ಲಿ ಸೇರಿಬಿಟ್ರೆ ಹಿಂಗಾಗುತ್ತೆ. ಗೊತ್ತಾಯ್ತಲ್ಲ?"

ಎಲ್ಲಿ ಸೇರಿದರೆ? ಹೆಂಗಾಗುತ್ತೆ? ಅವನು ಆ ಕಡೆ ಕೈ ಬೀಸುತ್ತಿದ್ದಾನೆ ಅನ್ನೋದೊಂದೇ ನನಗೆ ಗೊತ್ತಾದದ್ದು, ಯಾಕಂದ್ರೆ ದನಿ ಒಮ್ಮೆ ಕಿವಿ ಹತ್ತಿರ, ಒಮ್ಮೆ ಪಕ್ಕದ ಊರಲ್ಲಿ. ಮಜಾ ಏನಂದ್ರೆ, ಈ ಕಡೆ ನಾನೂ ಟವೆಲ್ ಸುತ್ತಿಕೊಂಡು ಗಾಳಿಯಲ್ಲಿ ಪೈಪ್ ಬರೆದು "ಈ ಮೇಲಿನದಾ, ಕೆಳಗಿನದಾ?" ಅಂತ ಕೇಳುತ್ತಿದ್ದೆ.

ಇದು ದಡ್ಡತನ ಅಲ್ಲವಂತೆ. 1998ರಲ್ಲಿ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ ಎಂಬ ಇಬ್ಬರು ಸಂಶೋಧಕಿಯರು ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ: ಹುಟ್ಟಿನಿಂದ ಕಣ್ಣು ಕಾಣದವರೂ ಮಾತಾಡುವಾಗ ಕೈ ಆಡಿಸುತ್ತಾರೆ, ಎದುರಿಗಿರುವವರಿಗೂ ಕಣ್ಣು ಕಾಣದು ಅಂತ ಗೊತ್ತಿದ್ದರೂ. ಅಂದರೆ ಕೈ ಆಡೋದು ಬರೀ ತೋರಿಸೋಕಲ್ಲ, ಹೇಳುವವರ ತಲೆ ಓಡೋಕೂ ಬೇಕು. ಸರಿ, ಪ್ಲಂಬರ್ ತಲೆ ಓಡಿತು. ನನ್ನ ಸ್ನಾನ?

ಅಂತೂ ಬಂದ. ನೇರ ತಾರಸಿಗೆ ಕರೆದುಕೊಂಡು ಹೋದ. ಅವನಿಗಿರೋದು ಎರಡೇ ಕೈ, ಪೈಪುಗಳು ಜಾಸ್ತಿ. ಅದಕ್ಕೆ ನಮ್ಮ ಕೈಗಳನ್ನೂ ತಗೊಂಡ. "ಸಾರ್, ನೀವು ಕಲೆಕ್ಟರ್" ಅಂದ. ಅಪ್ಪನ ಆಸೆ ಈಡೇರಿತು! ಬಿಸಿಲು ಹಿಡಿದು ನೀರು ಕಾಯಿಸುವ ಸೋಲಾರ್ ಫಲಕಕ್ಕೂ ಅದೇ ಹೆಸರಂತೆ. ದಕ್ಷಿಣಕ್ಕೆ ಮುಖ ಮಾಡಿ ಎರಡೂ ಕೈ ಓರೆಯಾಗಿ ಚಾಚಿ ನಿಂತೆ. "ಮೇಡಂ, ನೀವು ಟ್ಯಾಂಕು, ಸ್ವಲ್ಪ ಮೇಲೆ ನಿಲ್ಲಿ." ಹೆಂಡತಿ ಮೆಟ್ಟಿಲ ಮೇಲೆ ನಿಂತಳು. ಕಾದ ನೀರು ಹಗುರ, ಮೋಟಾರ್ ಇಲ್ಲದೆ ತಾನೇ ಮೇಲೇರುತ್ತೆ ಅನ್ನುತ್ತಾ ಅವನ ಬಲಗೈ ನನ್ನ ಭುಜದಿಂದ ಅವಳ ಕಡೆ ಏರಿತು. ತಣ್ಣೀರು ಭಾರ, ಕೆಳಗಿಳಿಯುತ್ತೆ ಅಂತ ಎಡಗೈ ನನ್ನ ಮೊಣಕಾಲಿಗೆ ಬಂತು.

ಅಷ್ಟರಲ್ಲಿ ಅವನ ಫೋನ್. "ಹಾಗೇ ಇರಿ ಸಾರ್, ಬಂದೆ."

ತಾರಸಿಯ ಮೂಲೆಯಲ್ಲಿ ನಿಂತು ಇನ್ಯಾರದೋ ಮನೆಯ ಸಂಪನ್ನು ಗಾಳಿಯಲ್ಲಿ ಅಗೆಯತೊಡಗಿದ. ಅದು ದೊಡ್ಡ ಸಂಪೇ ಇರಬೇಕು, ಮುಗಿಯಲೇ ಇಲ್ಲ. ನಾವು ಹಾಗೇ ಇದ್ದೆವು. ಎದುರುಮನೆ ತಾರಸಿಯಲ್ಲಿ ಸಂಡಿಗೆ ಒಣಗಿಸುತ್ತಿದ್ದ ಅಜ್ಜಿ ಒಂದು ಸಲ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು, ಆಮೇಲೆ ಮೊಮ್ಮಗನನ್ನು ಕರೆದರು. ಅವನು ಬಂದವನೇ ನನ್ನ ಹಾಗೇ ಕೈ ಚಾಚಿ ನಿಂತ. ನನ್ನ ತೋಳು ಸೋತು ಇಳಿಯುವಾಗ ಟ್ಯಾಂಕು ತುಟಿ ಅಲುಗಿಸದೆ ಹೇಳಿತು: "ಇಳಿಸಬೇಡಿ, ಮತ್ತೆ ಮೊದಲಿಂದ ಹೇಳ್ತಾನೆ."

ಫೋನ್ ಮುಗಿಸಿ ಬಂದವನು ನಮ್ಮಿಬ್ಬರನ್ನೂ ಮರೆತ. ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು, ಹೋದ ದೀಪಾವಳಿಗೆ ಬಣ್ಣ ಹೊಡೆಸಿದ ಗೋಡೆ ಮೇಲೆ ಪರಪರ ಗೀಚಿದ. ಎರಡು ಗೆರೆ, ಒಂದು ಡಬ್ಬ, ನಾಲ್ಕು ಬಾಣ. ಬೆರಳು ಗೆರೆ ಮೇಲೆ ಹರಿಯುತ್ತಾ, ಬಾಯಿ ಅದರ ಜೊತೆಗೇ ಹೋಗುತ್ತಾ, ಅರ್ಧ ನಿಮಿಷಕ್ಕೆ ಎಲ್ಲ ತಲೆಗೆ ಇಳಿಯಿತು. ಮೇಲಿನ ಮನೆಯವರು ಹ್ಯಾಂಡ್ ಶವರನ್ನು ಅದರ ಹಿಡಿಯಲ್ಲಷ್ಟೇ ಬಂದ್ ಮಾಡುತ್ತಾರೆ. ಬಿಸಿನೀರು, ತಣ್ಣೀರು ಬೆರೆಸೋಕೆ ಗೋಡೆಯಲ್ಲಿರುವ ಮಿಕ್ಸರಿನ ಎರಡೂ ತಿರುಪು ತೆರೆದೇ ಇರುತ್ತವೆ. ನಾವು ಕೆಳಗೆ ಬಿಸಿನೀರು ತಿರುಗಿಸಿದ ಕೂಡಲೇ ಅವರ ತಣ್ಣೀರು ಅಲ್ಲಿಂದ ದಾಟಿ ನಮ್ಮ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಇಷ್ಟೇ! ಇದನ್ನು ಫೋನಿನಲ್ಲಿ ಹೇಳೋಕಾಗುತ್ತಾ, ನೀವೇ ಹೇಳಿ.

ಊರಲ್ಲಿ ಅಪ್ಪ ಅಡಿಕೆ ತೋಟದ ನೀರಿನ ದಾರಿಯನ್ನೆಲ್ಲ ಕತ್ತಿಯ ತುದಿಯಿಂದ ಅಂಗಳದ ಮಣ್ಣಲ್ಲಿ ಬರೆದು ತೋರಿಸುತ್ತಿದ್ದ. ಯಾವ ಕಣಿ ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಅಂತ. ಈಗ ಅದನ್ನೇ ಫೋನಿನಲ್ಲಿ ಹೇಳುತ್ತಾನೆ. ನಾನು ಹೂಂ ಅನ್ನುತ್ತೇನೆ. ಅರ್ಥವಾಗಿಲ್ಲ ಅಂತ ಅವನಿಗೂ ಗೊತ್ತು. ಇಬ್ಬರೂ ಸುಮ್ನೆ ಮಳೆ ವಿಷಯಕ್ಕೆ ಹೋಗುತ್ತೇವೆ.

ಮೇಲಿನ ಮನೆಯವರಿಗೆ ಮೆಟ್ಟಿಲು ಹತ್ತಿ ಹೋಗಿ ಹೇಳುವಷ್ಟು ತೋಳಿನಲ್ಲಿ ಶಕ್ತಿ ಉಳಿದಿರಲಿಲ್ಲ. ಗೋಡೆಯ ಚಿತ್ರದ ಫೋಟೋ ತೆಗೆದು, "ದಯವಿಟ್ಟು ಗಮನಿಸಿ" ಅಂತ ಬರೆದು ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು: "ತುಂಬಾ ಚೆನ್ನಾಗಿದೆ! ಮಗಳು ಬರೆದದ್ದಾ?"